ವೈದ್ಯಕೀಯ ಸ್ನಾತಕೋತ್ತರ ಡಿಪ್ಲೊಮಾ: ಮಲೆನಾಡಿನ ನೆಲೆಯಲ್ಲಿ

ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವಿಭಾಗದಲ್ಲಿ ಸಾಮಾನ್ಯವಾಗಿ 2 ವರ್ಷ ಪಳಗಿ ಪಡೆಯುತ್ತಿದ್ದ ಅರ್ಹತೆ. 3 ವರ್ಷದ ಎಂ.ಡಿ., ಎಂ.ಎಸ್.ಗಳಂತೆ ಪ್ರಬಂಧ ಬರೆಯಬೇಕಿರಲಿಲ್ಲ. ವಾರ್ಡು, ಹೆರಿಗೆ ಕೋಣೆ, ಆಪರೇಷನ್ ಥಿಯೇಟರುಗಳ ಕೆಲಸವೇ ಕಲಿಕೆಯ ತಿರುಳು.

ಇದರ ಬೇರು ಸಾರ್ವಜನಿಕ ಆರೋಗ್ಯದಲ್ಲಿದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜು 1871ರಲ್ಲೇ ಇಂಥ ಡಿಪ್ಲೊಮಾ ಕೊಡತೊಡಗಿತ್ತು. ಭಾರತದಲ್ಲಿ ಡಿ.ಪಿ.ಎಚ್. (ಸಾರ್ವಜನಿಕ ಆರೋಗ್ಯ ಡಿಪ್ಲೊಮಾ) ಓದಿಗೆ ಮುಖ್ಯ ಕೇಂದ್ರವಾದದ್ದು 1932ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕಲ್ಕತ್ತೆಯಲ್ಲಿ ತೆರೆದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ. ಅದೇ ಪ್ರತಿಷ್ಠಾನದೊಡನೆ ಮೈಸೂರು ಸಂಸ್ಥಾನ 1920ರ ದಶಕದ ಕೊನೆಯಲ್ಲಿ ಕೈಗೊಂಡ ಮಲೇರಿಯಾ ಅಧ್ಯಯನಕ್ಕೆ ಆಯ್ದ ಊರುಗಳಲ್ಲಿ ಮಲೆನಾಡಿನ ಮೂಡಿಗೆರೆಯೂ ಒಂದು. ಕಾಫಿ ಸೀಮೆಯ ಚಳಿಜ್ವರವನ್ನು ಅರಿಯಲು ಊರಲ್ಲೇ ನಿಂತು ಕೆಲಸ ಮಾಡುವ ತಜ್ಞರು ಬೇಕಿತ್ತು. ಸಾರ್ವಜನಿಕ ಆರೋಗ್ಯದಾಚೆಗೆ, ಬೆಂಗಳೂರಿನಲ್ಲಿ ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾದ ಸಂಸ್ಥೆ 1955ರಲ್ಲಿ ಮನೋವೈದ್ಯಕೀಯ ಡಿಪ್ಲೊಮಾ ಆರಂಭಿಸಿತು.

ತಾಲ್ಲೂಕು ಆಸ್ಪತ್ರೆಗಳಿಗೆ ಹೆಚ್ಚು ಒದಗಿಬಂದದ್ದು ಹೆರಿಗೆಯ ಡಿ.ಜಿ.ಒ., ಮಕ್ಕಳ ಡಿ.ಸಿ.ಎಚ್., ಅರಿವಳಿಕೆಯ ಡಿ.ಎ. ಸಿಸೇರಿಯನ್‌ಗೆ ಹೆರಿಗೆ ತಜ್ಞರಷ್ಟೇ ಸಾಲದು, ಅರಿವಳಿಕೆ ಕೊಡುವವರೂ ಬೇಕು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಮಲೆನಾಡಿನ ಕಳಸದ ಬಸುರಿಯನ್ನು ಘಟ್ಟದ ತಿರುವುಗಳಲ್ಲಿ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೋ, ಚಾರ್ಮಾಡಿ ಇಳಿದು ಮಂಗಳೂರಿಗೋ ಒಯ್ಯಬೇಕು. ಮಳೆಗಾಲದಲ್ಲಿ ಆ ದಾರಿಯನ್ನು ನೆಚ್ಚುವಂತಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2000ದ ನಿಯಮಾವಳಿಗೆ ಮುಂದೆ ಬಂದ ತಿದ್ದುಪಡಿ, ದುರ್ಗಮ ಪ್ರದೇಶದಲ್ಲಿ ಕನಿಷ್ಠ 3 ವರ್ಷ ದುಡಿದ ಸರ್ಕಾರಿ ವೈದ್ಯರಿಗೆ ಡಿಪ್ಲೊಮಾ ಸೀಟುಗಳಲ್ಲಿ ಶೇ. 50 ಮೀಸಲಿಟ್ಟಿತು. ಹಳ್ಳಿಯ ಸೇವೆಯನ್ನೇ ಅರ್ಹತೆಯೆಂದು ಎಣಿಸಿದ ಈ ನಿಯಮಕ್ಕೆ ಡಿಪ್ಲೊಮಾದ ಚರಿತ್ರೆಯಲ್ಲಿ ದೊಡ್ಡ ಸ್ಥಾನ ಸಲ್ಲಬೇಕು.

ಡಿಪ್ಲೊಮಾ ಪಡೆದವರು ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗುವಂತಿರಲಿಲ್ಲ. ಹೊಸ ಕಾಲೇಜುಗಳು ಹೆಚ್ಚಿ ಬೋಧಕರ ಕೊರತೆ ಕಾಡಿದಾಗ, 2018ರಿಂದಾಚೆಗೆ ಡಿಪ್ಲೊಮಾ ಸೀಟುಗಳನ್ನು ಪದವಿ ಸೀಟುಗಳಾಗಿ ಬದಲಿಸಲು ಅವಕಾಶವಾಯಿತು. ಕರ್ನಾಟಕದಲ್ಲೂ ಅವು ಕರಗಿದವು. ಕಾಲೇಜುಗಳಿಗೆ ಇದು ಅನುಕೂಲವೇ ಹೌದು. ಆದರೆ ತಾಲ್ಲೂಕು ಆಸ್ಪತ್ರೆಗೆ ಬೇಗ ತಜ್ಞರನ್ನು ಒದಗಿಸುತ್ತಿದ್ದ ದಾರಿ ಮುಚ್ಚಿತು, ಅದಕ್ಕೆ ಸಮನಾದ ಬದಲಿ ಏರ್ಪಾಡು ಜೊತೆಯಲ್ಲೇ ಬರಲಿಲ್ಲ.

2020ರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿ ಹೆರಿಗೆ, ಮಕ್ಕಳ ಕಾಯಿಲೆ, ಅರಿವಳಿಕೆ, ಕುಟುಂಬ ವೈದ್ಯಕೀಯ ಸೇರಿ 8 ವಿಭಾಗಗಳಲ್ಲಿ 2 ವರ್ಷದ ಡಿಪ್ಲೊಮಾವನ್ನು ಮತ್ತೆ ಶುರುಮಾಡಿತು. ಇದರ ತರಬೇತಿಗೆ ವೈದ್ಯಕೀಯ ಕಾಲೇಜೇ ಆಗಬೇಕೆಂದಿಲ್ಲ, ಮಾನ್ಯತೆ ಪಡೆದ ಜಿಲ್ಲಾಸ್ಪತ್ರೆಯಲ್ಲೂ ನಡೆಸಬಹುದು.