‘ಜೀವಸತ್ವ’ವೆಂಬ ಹೆಸರಿನ ಪೂರ್ವವೃತ್ತಾಂತ

ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿದವನಿಗೆ, ಯಾವ ಶಬ್ದವು ಕಿವಿಗೆ ಬಿದ್ದರೂ ಅದರ ಪ್ರಕೃತಿ ಪ್ರತ್ಯಯಗಳನ್ನು ಬಿಡಿಸಿ ನೋಡುವ ಚಾಳಿಯುಂಟು. ಆಹಾರಶಾಸ್ತ್ರದ ಪರಿಭಾಷೆಯನ್ನು ಆ ದೃಷ್ಟಿಯಿಂದಲೇ ಪರಿಶೀಲಿಸಲು ಹೊರಟ ನನಗೆ, ಒಂದೆರಡು ಹೆಸರುಗಳ ಹಿಂದೆ ಸಹಸ್ರಾರು ಜನರ ಪ್ರಾಣಸಂಕಟವೇ ಅಡಗಿರುವುದು ಕಂಡುಬಂದಿತು. ಅದನ್ನು ವಾಚಕರಲ್ಲಿ ನಿವೇದಿಸಿಕೊಳ್ಳುತ್ತೇನೆ.

೧೮೩೮ರಲ್ಲಿ ಹಾಲೆಂಡಿನ ಮುಲ್ಡರ್ ಎಂಬ ರಸಾಯನಜ್ಞನು, ಸ್ವೀಡನ್ನಿನ ಬರ್ಜೀಲಿಯಸನ ಸೂಚನೆಯಂತೆ, ‘ಪ್ರೋಟೀನ್’ ಎಂಬ ಹೆಸರನ್ನು ಬಳಕೆಗೆ ತಂದನು. ಅದು ‘ಅಗ್ರಗಣ್ಯ’ವೆಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ್ದು. ಕನ್ನಡದಲ್ಲಿ ಅದು ‘ಸಸಾರಜನಕ’. ಎಂದರೆ ಸಾರಜನಕದಿಂದ ಕೂಡಿದ್ದು. ಮರುವರ್ಷ ಜರ್ಮನಿಯ ಷ್ವಾನ್ ಪಂಡಿತನು ಜೀವಕೋಶದೊಳಗಿನ ಮಾರ್ಪಾಡುಗಳನ್ನು ಕುರಿತು ‘ಮೆಟಬಾಲಿಕ್’ ಎಂಬ ವಿಶೇಷಣವನ್ನು ಪ್ರಯೋಗಿಸಿದನು. ಅದರ ಮೂಲಾರ್ಥ ‘ಪರಿವರ್ತನೆ’. ನಮ್ಮ ‘ಚಯಾಪಚಯ’ವು ಇನ್ನೂ ಸ್ಪಷ್ಟವಾದುದು: ದೇಹವನ್ನು ಕಟ್ಟುವುದು ಚಯ, ಒಡೆದು ಶಕ್ತಿಯನ್ನು ಪಡೆಯುವುದು ಅಪಚಯ. ಒಂದೇ ಸಮಾಸದಲ್ಲಿ ಎರಡು ಕಾರ್ಯಗಳೂ ಅಡಕವಾಗಿವೆ.

ಇವು ವಿದ್ವಾಂಸರ ಮೇಜಿನ ಮೇಲೆ ಹುಟ್ಟಿದ ಹೆಸರುಗಳು. ‘ವಿಟಮಿನ್’ ಎಂಬುದಾದರೋ ರೋಗಿಗಳ ಹಾಸಿಗೆಯ ಬಳಿ ಹುಟ್ಟಿತು. ಅಕ್ಕಿಯನ್ನೇ ನೆಚ್ಚಿದ ಪೂರ್ವದೇಶಗಳಲ್ಲಿ ಬೆರಿಬೆರಿ ಎಂಬ ವ್ಯಾಧಿಯು ಪ್ರಬಲವಾಗಿದ್ದಿತು. ಕಾಲುಗಳು ಜೋಮುಹಿಡಿದು ಸೋಲುವುವು, ಮೈ ಬಾತುಕೊಳ್ಳುವುದು, ಕಡೆಗೆ ಹೃದಯವೇ ನಿಲ್ಲುವುದು. ೧೮೮೨-೮೩ರಲ್ಲಿ ದೂರಯಾನ ಮಾಡಿದ ಜಪಾನಿನ ‘ರ್‍ಯೂಜೋ’ ಎಂಬ ಯುದ್ಧನೌಕೆಯ ೩೭೬ ಮಂದಿಯಲ್ಲಿ ೧೬೯ ಮಂದಿಗೆ ಈ ರೋಗ ತಗುಲಿ ೨೫ ಮಂದಿ ಮಡಿದರು. ನೌಕಾವೈದ್ಯನಾದ ತಕಾಕಿಯು ನಾವಿಕರ ಆಹಾರವನ್ನು ಬದಲಾಯಿಸಿ ರೋಗವನ್ನು ತಗ್ಗಿಸಿದನು. ಆದರೆ ಸಸಾರಜನಕದ ಕೊರತೆಯೇ ಕಾರಣವೆಂದು ಅವನು ತಿಳಿದನು. ಔಷಧವು ದೊರೆಯಿತು, ನಿದಾನವು ತಪ್ಪಿತು.

ಅತ್ತ ಜಾವಾದ್ವೀಪದ ಬಟೇವಿಯಾ ನಗರದಲ್ಲಿ ಡಚ್ ವೈದ್ಯನಾದ ಐಕ್‌ಮನ್ ಈ ರೋಗದ ಕ್ರಿಮಿಯನ್ನು ಹುಡುಕುತ್ತಿದ್ದನು. ಅವನು ಸಾಕಿದ್ದ ಕೋಳಿಗಳೇ ಕಾಲುಸೋತು ಬೀಳತೊಡಗಿದವು. ಕೆಲವು ತಿಂಗಳ ಮೇಲೆ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಲಾಗಿ ತಿಳಿದುದಿಷ್ಟು: ಅವುಗಳಿಗೆ ಆಸ್ಪತ್ರೆಯ ಅಡುಗೆಮನೆಯ ಬಿಳಿಯ ಅನ್ನವನ್ನು ಹಾಕುತ್ತಿದ್ದರು, ಹೊಸದಾಗಿ ಬಂದ ಅಡುಗೆಯವನು, ಸೈನ್ಯದ ಅನ್ನವು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಸಲ್ಲದೆಂದು ತಡೆದನು, ಅಂದಿನಿಂದ ತೌಡು ಕಳೆಯದ ಅಕ್ಕಿಯನ್ನು ತಿಂದು ಅವು ಗುಣವಾದವು. ಒಬ್ಬ ಬಾಣಸಿಗನ ಕೈಬಿಗಿಯಿಂದ ಶಾಸ್ತ್ರಕ್ಕೆ ಕಣ್ಣು ತೆರೆಯಿತು! ಆದರೂ ಬಿಳಿಯ ಅಕ್ಕಿಯಲ್ಲಿ ವಿಷವಿರುವುದೆಂದೂ ತೌಡು ಅದಕ್ಕೆ ಪ್ರತಿವಿಷವೆಂದೂ ಐಕ್‌ಮನ್ ಬಹುಕಾಲ ನಂಬಿದ್ದನು. ಇರುವ ವಿಷವಲ್ಲ, ಇಲ್ಲದಿರುವ ಪೋಷಕದ್ರವ್ಯವೇ ರೋಗಕ್ಕೆ ಮೂಲವೆಂದು ೧೯೦೧ರಲ್ಲಿ ಹೇಳಿದವನು ಅವನ ಉತ್ತರಾಧಿಕಾರಿಯಾದ ಗ್ರೈನ್ಸ್. ‘ಅಭಾವ’ವನ್ನು ಒಂದು ಪದಾರ್ಥವೆಂದೆಣಿಸುವ ನಮ್ಮ ತಾರ್ಕಿಕರು ಈ ಮಾತಿಗೆ ತಲೆದೂಗದಿರರು.

ಪೋಲೆಂಡ್ ಮೂಲದ ಕ್ಯಾಸಿಮಿರ್ ಫಂಕ್ ಎಂಬುವನು ಲಂಡನ್ನಿನಲ್ಲಿದ್ದುಕೊಂಡು ೧೯೧೨ರಲ್ಲಿ ಈ ದ್ರವ್ಯಜಾತಿಗೆ ನಾಮಕರಣ ಮಾಡಿದನು. ಲ್ಯಾಟಿನ್ನಿನಲ್ಲಿ ‘ವೀಟಾ’ ಎಂದರೆ ಜೀವ. ‘ಅಮೀನ್’ ಎಂಬುದು ಸಾರಜನಕವುಳ್ಳ ಒಂದು ರಾಸಾಯನಿಕ ವರ್ಗ. ಎರಡೂ ಕೂಡಿ ‘ವಿಟಮೀನ್’ ಆಯಿತು. ಆದರೆ ಈ ಗುಂಪಿನವೆಲ್ಲ ಅಮೀನುಗಳಲ್ಲವೆಂದು ಮುಂದೆ ತಿಳಿದುಬಂದಿತು. ಆದುದರಿಂದ ೧೯೨೦ರಲ್ಲಿ ಡ್ರಮಂಡನು ಇಂಗ್ಲಿಷ್ ಹೆಸರಿನ ಕೊನೆಯ ಅಕ್ಷರವನ್ನು ಕತ್ತರಿಸಿ ದೋಷವನ್ನು ಮರೆಮಾಡಿದನು. ತೌಡಿನ ಆ ದ್ರವ್ಯವನ್ನು ೧೯೨೬ರಲ್ಲಿ ಯಾನ್ಸೆನ್ ಮತ್ತು ಡೊನಾತರು ಜಾವಾದಲ್ಲಿಯೇ ಹರಳಾಗಿ ಬೇರ್ಪಡಿಸಿದರು. ೧೯೩೬ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ವಿಲಿಯಮ್ಸನು ನಮ್ಮ ನೆಲ್ಲೂರಿನಲ್ಲಿ ಹುಟ್ಟಿದವನು. ಅದೇ ಥಯಮಿನ್, ಎಂದರೆ ‘ಬಿ-೧’. ಪಿಷ್ಟವನ್ನು ದೇಹವು ಶಕ್ತಿಯಾಗಿ ಮಾರ್ಪಡಿಸಲು ಇದು ಬೇಕೇ ಬೇಕು. ಇದಿಲ್ಲದೆ ಹೊಟ್ಟೆ ತುಂಬ ಅನ್ನವುಂಡರೂ, ಒಲೆಯ ತುಂಬ ಸೌದೆಯೊಟ್ಟಿ ಕಿಡಿಯನ್ನು ಮರೆತಂತೆ.

ಹೀಗಿರಲು ನಮ್ಮ ‘ಜೀವಸತ್ವ’ವೆಂಬ ಹೆಸರು ಮೂಲಕ್ಕಿಂತ ನಿರ್ದುಷ್ಟವೆಂದು ನನ್ನ ಅಭಿಪ್ರಾಯ, ಅಮೀನಿನ ಸೋಂಕು ಅದಕ್ಕಿಲ್ಲ. ಆದರೆ ಹೆಸರು ಶುದ್ಧವಾದ ಮಾತ್ರಕ್ಕೆ ಊಟ ಶುದ್ಧವಾದೀತೇ? ನಮ್ಮ ಮನೆಯಲ್ಲಿ ತೌಡೂ ಅಕ್ಕಿ ತೊಳೆದ ನೀರೂ ಹಸುವಿನ ಪಾಲಾಗುತ್ತಿದ್ದವು; ಮಲ್ಲಿಗೆಯಂತಹ ಅನ್ನವು ನಮ್ಮ ಪಾಲು. ಅದನ್ನೇ ಮರ್ಯಾದೆಯೆಂದು ನಾನೂ ಬಗೆದಿದ್ದೆನು. ಬೇಳೆಕಾಳುಗಳು ಜೊತೆಗಿದ್ದುದು ನಮ್ಮ ಪುಣ್ಯ. ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಕರಾವಳಿಯ ಕುಚ್ಚಲಕ್ಕಿಯನ್ನು ಒರಟೆಂದು ಹಳಿಯುವವರುಂಟು. ಬೇಯುವಾಗ ತೌಡಿನ ಸತ್ವವು ಕಾಳಿನೊಳಕ್ಕೆ ಇಳಿಯುವುದೆಂಬುದನ್ನು ಅವರರಿಯರು. ಮಲಯದೇಶದಲ್ಲಿ ಕುಚ್ಚಲಕ್ಕಿಯನ್ನುಣ್ಣುತ್ತಿದ್ದ ತಮಿಳು ಕೂಲಿಗಳು ಬೆರಿಬೆರಿಗೆ ಸಿಕ್ಕದುದನ್ನು ವೈದ್ಯರು ಕಳೆದ ಶತಮಾನದ ಆದಿಯಲ್ಲಿಯೇ ಗಮನಿಸಿದ್ದರು. ಆ ಕೂಲಿಗಳಿಗೆ ಹೆಸರು ತಿಳಿದಿರಲಿಲ್ಲ, ವಸ್ತುವು ತಟ್ಟೆಯಲ್ಲಿದ್ದಿತು. ನಮಗೀಗ ಹೆಸರು ತಿಳಿದಿದೆ. ವಸ್ತುವು ತಟ್ಟೆಯಲ್ಲಿದೆಯೇ ಎಂದು ಪ್ರತಿಯೊಬ್ಬ ಗೃಹಸ್ಥನೂ ಒಮ್ಮೆ ನೋಡಿಕೊಳ್ಳತಕ್ಕದ್ದು.