ಹಂಪೆಯ ಧರ್ಮಸಾಲೆ

ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯ ಮಾರ್ಗವಾಗಿ ಹೊಸಪೇಟೆಯನ್ನು ದಾಟಿ ಹಂಪೆಗೆ ಹೊರಟ ನಾವು ವಿರೂಪಾಕ್ಷನ ಗೋಪುರವನ್ನೇ ನೆನೆಯುತ್ತೇವೆ. ಆದರೆ ಆ ಹಾಳುಪಟ್ಟಣದಲ್ಲಿ ಅಹಮದ್ ಖಾನನ ಮಸೀದಿಯೂ ಉಂಟು. ದೂರದಿಂದ ನೋಡಿದರೆ ಅದೊಂದು ಕಂಬಗಳ ಮಂಟಪ. ಮೇಲೆ ಗುಮ್ಮಟವಿಲ್ಲ, ಮಿನಾರುಗಳಿಲ್ಲ. ಇಮ್ಮಡಿ ದೇವರಾಯನ ಸೇವಕನಾದ ಅಹಮದ್ ಖಾನನು ಕ್ರಿ.ಶ. 1439ರಲ್ಲಿ ತನ್ನ ಒಡೆಯನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದನೆಂದು ಅಲ್ಲಿನ ಕನ್ನಡ ಶಾಸನವು ಸಾರುತ್ತದೆ. ಶಾಸನವು ಇದಕ್ಕಿಟ್ಟ ಹೆಸರು ಧರ್ಮಸಾಲೆ. ಪಶ್ಚಿಮದ ಗೋಡೆಯಲ್ಲಿ ಪ್ರಾರ್ಥನೆಯ ದಿಕ್ಕನ್ನು ತೋರುವ ಗೂಡನ್ನು ಕಂಡಾಗಲೇ ಇದು ಮಸೀದಿಯೆಂದು ನಮಗೆ ತಿಳಿಯುವುದು. ಕಂಬಗಳು ಮಂಟಪವೆನ್ನುತ್ತವೆ, ಅಕ್ಷರಗಳು ಧರ್ಮಸಾಲೆಯೆನ್ನುತ್ತವೆ, ಗೂಡು ಮಸೀದಿಯೆನ್ನುತ್ತದೆ, ಮೂರೂ ನಿಜವೇ. ವಿಜಯನಗರದ ಚರಿತ್ರೆಯನ್ನು ಬರಿಯ ಮತಯುದ್ಧವೆಂದು ತಿಳಿದವರು, ತನ್ನ ಪ್ರಾರ್ಥನಾಮಂದಿರದ ಪುಣ್ಯವನ್ನು ಅನ್ಯಮತದ ಅರಸನಿಗೆ ಅರ್ಪಿಸಿದ ಆ ಸೇವಕನ ಮಾತನ್ನು ಒಮ್ಮೆ ಅಲ್ಲಿಯೇ ನಿಂತು ಓದಬೇಕು.