ಹವೆಯ ಮೇಲೆ ಹೊರಿಸಿದ ಅಗಲಿಕೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ನೆಲೆಯೂರಿತು. 1853ರಲ್ಲಿ ಧಾರವಾಡಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಹೆಸರು 1894ರ ಕನ್ನಡ ನಿಘಂಟಿನಿಂದಾಗಿ ಇಂದಿಗೂ ನಮ್ಮ ನಾಲಗೆಯ ಮೇಲಿದೆ. ಅದೇ 1853ರಲ್ಲಿ ಮಿಷನ್ ತನ್ನ ಪಾದ್ರಿಗಳ ಸಂಸಾರಗಳಿಗೆ ವಿಧಿಸಿದ ನಿಯಮವೊಂದನ್ನು ಮಾತ್ರ ಇಲ್ಲಿ ನೆನೆಯುವವರು ಕಡಿಮೆ. ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬರುತ್ತಲೇ ಅವರನ್ನು ಯುರೋಪಿಗೆ ಕಳುಹಿಸಬೇಕಿತ್ತು. ಅಲ್ಲಿ ನೆಂಟರ ಮನೆ, ಇಲ್ಲವೇ ಮಿಷನ್ನಿನದೇ ಮಕ್ಕಳ ಮನೆ. ಅಪ್ಪ ಇಲ್ಲಿ, ಮಗ ಅಲ್ಲಿ; ನಡುವೆ ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗುವ ಕಾಗದಗಳು. ಮಗ ಬೆಳೆದು ಗಂಡಾಳಾಗುವ ಹೊತ್ತಿಗೆ ಅಪ್ಪನೆಂದರೆ ಒಂದು ಕೈಬರಹ, ಅಷ್ಟೆ. ಈ ದೂರವನ್ನು ಒಂದೊಂದು ಮನೆಯ ದುರದೃಷ್ಟವೆಂದು ಓದುವುದು ತಪ್ಪು. ಅದನ್ನು ಕಟ್ಟಿದ್ದು ಸಂಸ್ಥೆ.

ಇಲ್ಲಿನ ಬಿಸಿಲು, ಕಾಲರಾ, ಜ್ವರಗಳಿಗೆ ಹೆದರಿ ಕಳುಹಿಸಿದರು ಎಂಬುದು ಸಾಮಾನ್ಯ ಸಮರ್ಥನೆ. ಮಕ್ಕಳ ಸಾವು ಆ ಮನೆಗಳಲ್ಲಿ ಅಪರೂಪವಾಗಿರಲಿಲ್ಲ, ಆ ಭಯವನ್ನು ಹಗುರಾಗಿ ಕಾಣಬಾರದು. ಆದರೆ ಎರಡು ಸಾವಿರ ಅಡಿಗೂ ಮೇಲಿರುವ, ತಂಪಾದ ಧಾರವಾಡಕ್ಕೂ, ಕರಾವಳಿಯ ಮಂಗಳೂರಿಗೂ, ಆಫ್ರಿಕಾದ ಗೋಲ್ಡ್ ಕೋಸ್ಟಿಗೂ ನಿಯಮ ಒಂದೇ. ಹವೆಯೊಂದೇ ಕಾರಣವಾಗಿದ್ದರೆ ಊರಿಂದೂರಿಗೆ ವ್ಯತ್ಯಾಸ ಇರಬೇಕಿತ್ತಲ್ಲವೇ? ಆಯಾಗಳ ಮಡಿಲಲ್ಲಿ ಆಡುತ್ತ, ಜರ್ಮನ್‌ಗಿಂತ ಮೊದಲು ಇಲ್ಲಿನ ಮಾತು ಕಲಿಯುವ ಮಕ್ಕಳು ಇಲ್ಲಿನವರೇ ಆಗಿಬಿಟ್ಟಾರು ಎಂಬ ಅಂಜಿಕೆಯೂ ಆ ನಿಯಮದೊಳಗಿತ್ತು. ಕನ್ನಡದ ಪದಗಳನ್ನು ಅಷ್ಟು ಅಕ್ಕರೆಯಿಂದ ಕೂಡಿಟ್ಟ ಮಿಷನ್, ಅದೇ ಕನ್ನಡ ತನ್ನ ಮಕ್ಕಳ ಬಾಯಲ್ಲಿ ಬೇರುಬಿಡುವುದಕ್ಕೆ ಅಂಜಿತು.

ಹವೆಯೊಂದೇ ಕಾರಣವಲ್ಲ ಎಂಬುದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ಜರ್ಮನ್ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ಮನೆತನ. ತಾಯಿ ಮರೀ ಗುಂಡರ್ಟ್ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಅಗಲಿ ಯುರೋಪಿನಲ್ಲಿ ಬೆಳೆದವಳು. ತಂದೆ ಯೋಹಾನೆಸ್ ಇದೇ ಮಿಷನ್ನಿನ ಪಾದ್ರಿಯಾಗಿ ಭಾರತದಲ್ಲಿದ್ದು 1873ರಲ್ಲಿ ಹಿಂತಿರುಗಿದವನು. ಆದರೂ 1884ರಲ್ಲಿ, ತಂದೆತಾಯಿ ಬಾಸೆಲಿನಲ್ಲೇ ಇರುವಾಗ, ಆರು ವರ್ಷದ ಮಗನನ್ನು ಮಿಷನ್ನಿನ ಹುಡುಗರ ಮನೆಗೆ ಸೇರಿಸಿದರು. ಹುಡುಗ ತುಂಟ, ಹಟಮಾರಿ, ಅದಕ್ಕೇ ಹಾಗೆ ಮಾಡಿದರು ಎನ್ನಬಹುದು. ಅದು ನಿಜವೂ ಹೌದು. ಆದರೆ ಮನೆಯಲ್ಲಿ ತೊಂದರೆಯಾದಾಗ ಮಗುವನ್ನು ಸಂಸ್ಥೆಯ ಕೈಗೊಪ್ಪಿಸುವುದೇ ಸರಿಯಾದ ದಾರಿಯೆಂದು ತೋರಿದ್ದು ಎಲ್ಲಿಂದ? ಬಾಸೆಲಿನಲ್ಲಿ ನಮ್ಮ ಬಿಸಿಲಿರಲಿಲ್ಲ, ಕಾಲರಾದ ನೆಪವೂ ಇರಲಿಲ್ಲ. 1892ರಲ್ಲಿ ಜರ್ಮನಿಯ ಮೌಲ್‌ಬ್ರೊನ್ನಿನ ಪಾದ್ರಿಶಾಲೆಯಿಂದ ಓಡಿಹೋದ ಆ ಹುಡುಗ ಅದೇ ವರ್ಷ ತಂದೆಗೆ ಕೋಪ ತುಂಬಿದ ಕಾಗದಗಳನ್ನು ಬರೆದ. ಅವನ 1906ರ ಕಾದಂಬರಿಯಲ್ಲಿ ತಂದೆಯ, ಗುರುಗಳ ಹಂಬಲಕ್ಕೆ ಸಿಕ್ಕಿ ನಲುಗುವವನೂ ಅಂಥದೇ ಶಾಲೆಯ ಹುಡುಗ.